ಲೀಟರಿಗೆ ಎಷ್ಟು ಆಯಿಲ್? (ಬೈಕ್ ಚರಿತ್ರೆ, ಭಾಗ 3)

1965ರ ಸ್ಕಾಟಿಷ್ ಸಿಕ್ಸ್ ಡೇಸ್ ಟ್ರಯಲ್. 500 ಸಿಸಿ ಫೋರ್-ಸ್ಟ್ರೋಕ್ ಏರಿಯಲ್ ಬಿಟ್ಟು ಬಂದಿದ್ದ ಸ್ಯಾಮಿ ಮಿಲ್ಲರ್, ಸ್ಪೇನಿನ ಹಗುರ ಟು-ಸ್ಟ್ರೋಕ್ ಬುಲ್ಟಾಕೊ ಶೆರ್ಪಾ ಟಿ ಓಡಿಸಿ ಗೆದ್ದುಬಿಟ್ರು.

ಟು-ಸ್ಟ್ರೋಕ್‌ನ ಪಿಸ್ಟನ್ನಿಗೆ ಪೆಟ್ರೋಲಲ್ಲಿ ಬೆರೆಸಿದ ಆಯಿಲೇ ಗತಿ. ಮೈಸೂರಿನ ಜಾವಾ ಓಡಿಸಿದ ಅಜ್ಜಂದಿರನ್ನ ಕೇಳಿ, ಹೇಳ್ತಾರೆ. ಕಮ್ಮಿಯಾದ್ರೆ ಪಿಸ್ಟನ್ ಜಾಮ್. ಜಾಸ್ತಿಯಾದ್ರೆ ಹೊಗೆ, ಪ್ಲಗ್ಗಿಗೆ ಮಸಿ. ಟ್ರಯಲ್ಸಲ್ಲಿ ಬಂಡೆ ಮೇಲೆ ನಿಧಾನಕ್ಕೆ ಹೋಗ್ಬೇಕು, ಇಂಜಿನ್ ಅಷ್ಟು ಬಿಸಿಯಾಗಲ್ಲ, ಮಸಿ ಪೂರ್ತಿ ಸುಡಲ್ಲ. ಅಲ್ಲೇ ಗಾಡಿ ನಿಂತ್ರೆ 5 ದಂಡದ ಅಂಕ!

ಮಿನರಲ್ ಆಯಿಲ್ ಕಾಲದಲ್ಲಿ 20:1 ಮಾಮೂಲು, ಅಂದ್ರೆ ಲೀಟರಿಗೆ 50 ಎಂಎಲ್. ಈಗಿನ ಟ್ರಯಲ್ಸ್ ಬೈಕಿಗೆ ಸಿಂಥೆಟಿಕ್ ಆಯಿಲ್ ಹಾಕಿದ್ರೆ 80:1 ಕೂಡ ಉಂಟು, ಬರೀ 12.5 ಎಂಎಲ್. ಆಯಿಲ್ ಸುಧಾರಿಸಿದ ಹಾಗೆ ಅಳತೆ ಇಳೀತು. ಅದಕ್ಕೇ ಕಣ್ಣಂದಾಜಲ್ಲಿ ಸುರೀಬೇಡಿ. ಬೈಕಿನ ಮ್ಯಾನುಯಲ್ ನೋಡಿ, ಅಳೆದು ಹಾಕಿ.

#ಟುಸ್ಟ್ರೋಕ್ #ಬೈಕ್‌ಚರಿತ್ರೆ