ಕುಲುಮೆಯ ಹೊತ್ತು, ದೇವರ ಹೊತ್ತು

ಧರ್ಮಕೇಂದ್ರದ ಇತಿಹಾಸವೆಂದೊಡನೆ ದೇವಾಲಯದ ಅಸ್ತಿಭಾರ, ಗುರುಗಳ ಪಟ್ಟಿ, ಗಂಟೆಗೋಪುರದ ಎತ್ತರ ಇವುಗಳನ್ನೇ ಬರೆಯುವುದು ವಾಡಿಕೆ. ಶಿವಮೊಗ್ಗ, ಭದ್ರಾವತಿಗಳ ಕ್ರೈಸ್ತ ಬಾಳನ್ನು ಅರಿಯಬೇಕಾದರೆ ಕಾರ್ಖಾನೆಯ ಪಾಳಿಯ ಕೂಗಿಗೂ ಕಿವಿಗೊಡಬೇಕು.

ಹಿಂದೆ ಬೆಂಕಿಪುರವೆನಿಸಿದ್ದ ಭದ್ರಾವತಿಯಲ್ಲಿ ಮೈಸೂರು ಸರ್ಕಾರದ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಉತ್ಪಾದನೆಯನ್ನು ಆರಂಭಿಸಿತು. ಅದಿರು ಕೆಮ್ಮಣ್ಣುಗುಂಡಿಯ ಬೆಟ್ಟದಿಂದ; ಇದ್ದಿಲು ಮಲೆನಾಡಿನ ಕಾಡುಮರದಿಂದ. 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪಿತವಾಯಿತು. ಕೆಲಸವನ್ನರಸಿ ಬಂದವರಲ್ಲಿ ಕನ್ನಡ, ಕೊಂಕಣಿ, ತಮಿಳು, ಮಲಯಾಳ ಮನೆಮಾತಿನ ಕ್ರೈಸ್ತರೂ ಇದ್ದರು. ಊದುಕುಲುಮೆಗೆ ಭಾನುವಾರವೆಂಬುದಿಲ್ಲ. ಒಮ್ಮೆ ಹೊತ್ತಿಸಿದ ಮೇಲೆ ಅದು ಹಗಲಿರುಳೂ ಉರಿಯಬೇಕು. ಆರಿದರೆ ಒಳಗಿನ ಲೋಹ ಹೆಪ್ಪುಗಟ್ಟಿ ಕುಲುಮೆಯೇ ಕೆಡುವುದು.

ತೊಡಕು ಇರುವುದೇ ಇಲ್ಲಿ. ಆ ಕಾಲದ ಧರ್ಮಸಭೆಯ ನಿಯಮದಂತೆ ಪರಮಪ್ರಸಾದವನ್ನು ಸ್ವೀಕರಿಸುವವರು ನಡುರಾತ್ರಿಯಿಂದ ಒಂದು ಗುಟುಕು ನೀರನ್ನೂ ಕುಡಿಯುವಂತಿರಲಿಲ್ಲ. ಸಂಜೆಯ ಬಲಿಪೂಜೆಯೂ ರೂಢಿಯಲ್ಲಿರಲಿಲ್ಲ. ಇರುಳೆಲ್ಲ ಕುಲುಮೆಯೆದುರು ಬೆವರು ಸುರಿಸಿದವನು ನೀರಿಲ್ಲದೆ ಬೆಳಗನ್ನು ಕಾಣುವುದೆಂತು? ಬಾಯಾರಿಕೆ ಪಾಪವಲ್ಲ, ಆದರೂ ಪ್ರಭುವಿನ ಔತಣಕ್ಕೆ ಅದೇ ಅಡ್ಡಿಯಾಗುತ್ತಿತ್ತು. ನಜರೇತಿನಲ್ಲಿ ಬಡಗಿಯಾಗಿ ದುಡಿದ ಯೇಸುವನ್ನು ಆರಾಧಿಸುವವರಿಗೆ ಇದು ಚಿಕ್ಕ ನೋವೇನಲ್ಲ.

1953ರ ಜನವರಿ 6ರಂದು ವಿಶ್ವಗುರು ಹನ್ನೆರಡನೆಯ ಪಿಯುಸ್ ಅವರು ‘ಕ್ರಿಸ್ತುಸ್ ದೋಮಿನುಸ್’ ಎಂಬ ಶಾಸನದ ಮೂಲಕ ಈ ಕಟ್ಟನ್ನು ಸಡಿಲಿಸಿದರು. ನೀರು ಇನ್ನು ಉಪವಾಸವನ್ನು ಮುರಿಯದು. ಸಂಜೆಯ ಬಲಿಪೂಜೆಗೆ ಧರ್ಮಾಧ್ಯಕ್ಷರು ಅನುಮತಿ ನೀಡಬಹುದು. ಹಗಲು ರಾತ್ರಿ ಪಾಳಿಗಳಲ್ಲಿ ದುಡಿಯುವ ಕಾರ್ಖಾನೆಯ ಕೆಲಸಗಾರರ ಕಷ್ಟ ಆ ಶಾಸನದಲ್ಲಿಯೇ ಉಲ್ಲೇಖಗೊಂಡಿದೆ. ಮುಂದೆ 1957ರಲ್ಲಿ ಉಪವಾಸ ಮೂರು ಗಂಟೆಗೆ, 1964ರಲ್ಲಿ ಒಂದು ಗಂಟೆಗೆ ಇಳಿಯಿತು. ನಡುವೆ 1955ರಲ್ಲಿ ಮೇ 1 ಕಾರ್ಮಿಕ ಸಂತ ಜೋಸೆಫರ ಹಬ್ಬವಾಯಿತು. ಭಕ್ತಿ ತಣ್ಣಗಾದುದರ ಗುರುತು ಇದೆಂದು ಗೊಣಗುವ ಹಿರಿಯರು ಇಂದಿಗೂ ಉಂಟು. ಅವರು ರಾತ್ರಿ ಪಾಳಿಯಲ್ಲಿ ದುಡಿದವರಾಗಿರಲಾರರು.

ಆದರೆ ರೋಮಿನ ಅಪ್ಪಣೆ ಬರುವವರೆಗೆ ದೇವರು ಕಾದಿದ್ದನೆಂದು ತಿಳಿಯಬಾರದು. ಬುತ್ತಿಯ ಅನ್ನದ ಮೇಲೆ ಎಳೆದ ಶಿಲುಬೆಯ ಗುರುತು, ದೀಪ ಹಚ್ಚಿದೊಡನೆ ಮನೆಮಂದಿ ಕೂಡಿ ಹೇಳುವ ಜಪಸರ, ಕೆಲಸದ ನಡುವೆ ತ್ರಿಕಾಲ ಪ್ರಾರ್ಥನೆಯ ಗಂಟೆಗೆ ಒಂದು ಕ್ಷಣ ತಡೆದ ಕೈ, ಇವು ಯಾವ ದಾಖಲೆಯ ಪುಸ್ತಕಕ್ಕೂ ಸೇರುವುದಿಲ್ಲ. ಕೊಂಕಣಿ ಮನೆಗಳಲ್ಲಂತೂ ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನ್ಮದಿನದಲ್ಲಿ, ಆಶೀರ್ವದಿಸಿದ ಹೊಸ ತೆನೆಯ ಕಾಳನ್ನು ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರೆಸಿ ಉಣ್ಣುವರು. ಗದ್ದೆಯನ್ನು ಬಿಟ್ಟು ಕಾರ್ಖಾನೆಗೆ ಬಂದವರೂ ಆ ತೆನೆಯನ್ನು ಬಿಟ್ಟು ಬರಲಿಲ್ಲ.

1963ರಲ್ಲಿ ಚಿಕ್ಕಮಗಳೂರು, 1988ರಲ್ಲಿ ಶಿವಮೊಗ್ಗ ಧರ್ಮಕ್ಷೇತ್ರಗಳು ರೂಪುಗೊಂಡವು. ಕಾಗದದ ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳೇ ಸಂದಿವೆ. ಪಾಳಿಯ ದುಡಿಮೆ ಮಾತ್ರ ನಿಂತಿಲ್ಲ. ಶನಿವಾರ ಸಂಜೆಯ ಬಲಿಪೂಜೆಯಿಂದಲೂ ಭಾನುವಾರದ ಕರ್ತವ್ಯ ನೆರವೇರುವುದೆಂದು 1983ರ ಧರ್ಮಸಭೆಯ ಕಾನೂನು ಸಾರಿದೆ. ಭಾನುವಾರ ನಸುಕಿಗೇ ಆಸ್ಪತ್ರೆಗೆ ಹೊರಡುವ ದಾದಿಗೂ, ಮೊದಲ ಬಸ್ಸನ್ನು ಹೊರಡಿಸುವ ಚಾಲಕನಿಗೂ ಆ ಸಂಜೆಯ ಪೂಜೆಯೇ ಭಾನುವಾರ.