ಚೆನ್ನಾಗಿರುವುದನ್ನೇ ಕೊಡಬೇಕು

ಕಿತ್ತೂರಿನಲ್ಲಿ 1824ರ ಅಕ್ಟೋಬರಿನಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತಾಗ ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕ ಇಬ್ಬರು ಕಿರಿಯ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬರು. ಆಗಿನ್ನೂ ಎಳೆಯ ಪ್ರಾಯ. ಬಿಡುಗಡೆಯಾದ ಮೇಲೆ ಈ ನಾಡಿನ ಮೇಲೆ ಅವರು ಹಗೆ ಸಾಧಿಸಲಿಲ್ಲ. ಧಾರವಾಡ ಸೀಮೆಯಲ್ಲೇ ಇದ್ದು ನೂರಾರು ಶಾಸನಗಳನ್ನು ನಕಲು ಮಾಡಿಸಿದರು, ನಾಣ್ಯಗಳನ್ನು ಕೂಡಿಹಾಕಿದರು. ದಕ್ಷಿಣ ಭಾರತದ ನಾಣ್ಯಗಳ ಕುರಿತ ಅವರ ಗ್ರಂಥ ಹೊರಬಂದದ್ದು ಅವರ ಕಡೆಗಾಲದಲ್ಲಿ. ಕೊನೆಯ ವರ್ಷಗಳಲ್ಲಿ ಅವರಿಗೆ ಕಣ್ಣು ಪೂರ್ತಿ ಹೋಗಿತ್ತು. ಓದಿ ಹೇಳುವವರು, ಹೇಳಿದ್ದನ್ನು ಬರೆದುಕೊಳ್ಳುವವರು ಪಕ್ಕದಲ್ಲಿರಬೇಕಿತ್ತು. 1887ರ ಮಾರ್ಚ್ 1ರಂದು, ತೀರಿಕೊಂಡ ದಿನದ ಬೆಳಿಗ್ಗೆಯೂ, ತಮಿಳು ವಿದ್ವಾಂಸ ಪೋಪ್ ಅವರಿಗೆ ಪತ್ರ ಬರೆಸಿ ಅವರ ನಿಘಂಟಿನ ಕೆಲಸ ಎಲ್ಲಿಗೆ ಬಂತೆಂದು ವಿಚಾರಿಸಿದ್ದರು.

ನಾಣ್ಯ ಕೂಡಿಹಾಕುವ ನಮ್ಮ ಹವ್ಯಾಸವನ್ನು ಒಂಟಿ ಜನರ ಗೀಳು ಎನ್ನುವವರಿಗೆ ನಾನು ಎಲಿಯಟ್ಟರ ಕತೆ ಹೇಳುತ್ತೇನೆ. ಮೈಸೂರಿನ ನಾಣ್ಯಗಳನ್ನು ಮೊದಮೊದಲು ಓದಿದವರಲ್ಲಿ ಹಲವರಿಗೆ ಅದು ಹೊಟ್ಟೆಪಾಡಲ್ಲ. ಟಿಪ್ಪುವಿನ ನಾಣ್ಯಗಳ ಮೇಲೆ 1914ರಲ್ಲಿ ಬರೆದ ಜಿ. ಪಿ. ಟೇಲರ್ ದೂರದ ಅಹಮದಾಬಾದಿನ ಪಾದ್ರಿ. 1910ರಲ್ಲಿ ಭಾರತೀಯ ನಾಣ್ಯಶಾಸ್ತ್ರ ಸಂಘ ಕಟ್ಟಿದವರಲ್ಲಿ ಒಬ್ಬರು. ಹೈದರ್ ಮತ್ತು ಟಿಪ್ಪುವಿನ ನಾಣ್ಯಗಳ ಬಗ್ಗೆ 1921ರಲ್ಲಿ ಪುಸ್ತಕ ತಂದ ಜೆ. ಆರ್. ಹೆಂಡರ್ಸನ್ ಪ್ರಾಣಿಶಾಸ್ತ್ರಜ್ಞರು, ಏಡಿಗಳ ಪಂಡಿತರು! ಇಂದಿಗೂ ಆನೆ ಕಾಸು, ಅಂದರೆ ಆನೆಯ ಚಿತ್ರವಿರುವ ಟಿಪ್ಪುವಿನ ತಾಮ್ರದ ನಾಣ್ಯ, ಕೈಗೆ ಬಂದರೆ ನಾವು ನೋಡುವುದು ಹೆಂಡರ್ಸನ್ನರ ಪುಸ್ತಕವನ್ನೇ.

ಆನೆ ಕಾಸು ಓದಲು ನನಗೆ ಕಲಿಸಿದವರು ಬೆಂಗಳೂರಿನ ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ಹಿರಿಯರೊಬ್ಬರು. ಕರಗಿಸಲೆಂದು ತೂಕಕ್ಕೆ ಬರುತ್ತಿದ್ದ ಹಳೆ ತಾಮ್ರದಲ್ಲಿ ಅವರು ಕಾಸುಗಳನ್ನು ಆರಿಸಿ ತೆಗೆದಿಡುತ್ತಿದ್ದರು. ಟಿಪ್ಪು ತನ್ನ ತಾಮ್ರದ ನಾಣ್ಯಗಳಿಗೆ ಆಕಾಶದ ಹೆಸರಿಟ್ಟ: ಪೈಸೆಗೆ ಜೊಹ್ರಾ, ಅಂದರೆ ಶುಕ್ರ, ಅರ್ಧ ಪೈಸೆಗೆ ಬಹ್ರಾಮ್, ಅಂದರೆ ಮಂಗಳ, ಅದಕ್ಕೂ ಚಿಕ್ಕವು ಅಖ್ತರ್, ಕುತ್ಬ್. ತನ್ನ ಮೌಲೂದಿ ಶಕೆಯ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಅಚ್ಚು ಹಾಕಿಸಿದ. ಹಾಗಾಗಿ 1215 ಎಂಬುದು ಎಡದಿಂದ ಓದಿದರೆ 5121 ಆಗಿಬಿಡುತ್ತದೆ. ಕಡೆಯ ವರ್ಷಗಳ ಕಾಸಿನಲ್ಲಿ ಆನೆಯ ಮೇಲೊಂದು ಅಕ್ಷರ ಬರುತ್ತದೆ: ಅಲಿಫ್, ಬೇ, ತೇ, ಸೇ. ತೇ ಅಕ್ಷರಕ್ಕೆ ಎರಡು ಚುಕ್ಕೆ, ಸೇ ಅಕ್ಷರಕ್ಕೆ ಮೂರು. ಚುಕ್ಕೆಯೊಂದು ಸವೆದರೆ ಇಸವಿಯೇ ತಪ್ಪುತ್ತದೆ. ಒಂದೇ ಕಾಸು ಇಟ್ಟುಕೊಂಡು ಇದನ್ನು ತೀರ್ಮಾನಿಸಲಾಗದು. ನಾಲ್ಕು ಮನೆಯ ಕಾಸು ಒಂದು ಮೇಜಿನ ಮೇಲೆ ಬರಬೇಕು. ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಅವರು ಇದನ್ನೆಲ್ಲ ಗಿರಾಕಿಗಳ ನಡುವೆಯೇ ವಿವರಿಸುತ್ತಿದ್ದರು. ಹೊರಡುವಾಗ ಒಂದು ಜೊಹ್ರಾ ಕೈಗಿಟ್ಟು, ಡಬಲ್ ಇದೆ ತಗೋ ಎನ್ನುತ್ತಿದ್ದರು. ದುಡ್ಡು ಮುಟ್ಟುತ್ತಿರಲಿಲ್ಲ.

ಡಬಲ್ ಇದ್ದರೆ ಕೊಡುವ ಈ ರೂಢಿ ನಮ್ಮಲ್ಲಿ ಇನ್ನೂ ಇದೆ. ಹರಾಜಿನ ಬೆಲೆ ಏರಿದ ಮೇಲೆ ಕೆಲವರು ನಾಣ್ಯವನ್ನು ಲಾಕರಿನಲ್ಲಿಟ್ಟು ಫೋಟೋ ಕೂಡ ತೋರಿಸರು. ನನಗದು ಹಿಡಿಸದು. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಮಯಿಲಿ ಕಾಸಿನ ಮೇಲೆ ಕನ್ನಡವಿದೆ, ಇಂಗ್ಲಿಷಿದೆ, ಶ್ರೀ ಚಾಮುಂಡಿಯ ಹೆಸರಿದೆ. 1843ರಲ್ಲಿ ಬೆಂಗಳೂರಿನ ಟಂಕಸಾಲೆ ಮುಚ್ಚಿಹೋಯಿತು. ಆಮೇಲೆ ಆ ಕಾಸುಗಳು ಉಳಿದದ್ದು ಹೆಚ್ಚಾಗಿ ಮನೆಗಳ ಡಬ್ಬಿಗಳಲ್ಲಿ. ಡಬ್ಬಿ ತೆರೆಯದಿದ್ದರೆ ಅಚ್ಚುಗಳ ವ್ಯತ್ಯಾಸ ಗುರುತಿಸುವುದು ಹೇಗೆ?

ಈಚೆಗೆ ನಾವು ನಾಣ್ಯ ಸಂಗ್ರಾಹಕರು ಸೇರಿದಾಗ ಚಿತ್ರದುರ್ಗದ ಕಾಲೇಜು ಹುಡುಗಿಯೊಬ್ಬಳು ಬಂದಿದ್ದಳು. ಫರ್ರುಖ್‌ಯಾಬ್ ಹಿಸಾರ್ ಎಂದರೆ ತನ್ನೂರಿಗೆ ಟಿಪ್ಪು ಇಟ್ಟ ಹೆಸರೆಂದು ತಿಳಿದು ಅವಳ ಮುಖ ಅರಳಿತು. ಆ ಟಂಕಸಾಲೆಯ ಕಾಸು ನನ್ನಲ್ಲಿ ಎರಡಿದ್ದವು. ಅಕ್ಷರ ಚೆನ್ನಾಗಿ ಮೂಡಿದ್ದನ್ನೇ ಆರಿಸಿ ಕೊಟ್ಟೆ, ಸವೆದದ್ದನ್ನು ಇಟ್ಟುಕೊಂಡೆ. ಕಲಿಯುವವಳಿಗೆ ಅಕ್ಷರ ಕಾಣಬೇಕು.