ಚಕ್ರಕ್ಕೊಂದು ಬೀಗ, ಕಳ್ಳನಿಗೊಂದು ದಾರಿ

ಸಾಗರದ ಸಮೀಪ ವರದಮೂಲ ಎಂಬ ಪುಟ್ಟ ಊರಿದೆ. ವರದಾ ನದಿ ಹುಟ್ಟುವ ತಾಣವಿದು. ತೀರ್ಥ ಪ್ರೋಕ್ಷಿಸಿಕೊಂಡು, ವರದಾಂಬೆಯ ದರ್ಶನ ಪಡೆದು, ಇಕ್ಕೇರಿಗೋ ಜೋಗಕ್ಕೋ ಮುಂದುವರಿಯುವ ಯಾತ್ರಿಕರು ಇಲ್ಲಿ ಕಾರು ನಿಲ್ಲಿಸುತ್ತಾರೆ. ಎಂಜಿನ್ ಆರಿಸಿ, ಕೀ ಹೊರತೆಗೆದು, ಸ್ಟೀರಿಂಗ್ ಚಕ್ರವನ್ನು ತುಸು ಆಚೀಚೆ ತಿರುಗಿಸಿದರೆ ಒಳಗೆಲ್ಲೋ ‘ಕಟಕ್’ ಎಂಬ ಸದ್ದು. ಚಕ್ರ ಬಿಗಿದುಕೊಳ್ಳುತ್ತದೆ. ಇನ್ನು ಆ ಕಾರನ್ನು ತಳ್ಳಿದರೂ ಬೇಕಾದ ಕಡೆಗೆ ಒಯ್ಯಲಾಗದು.

ಈ ಸದ್ದನ್ನು ಯಾರೂ ವಿಶೇಷವಾಗಿ ಗಮನಿಸುವುದಿಲ್ಲ. ಆದರೆ ಮೋಟಾರು ವಾಹನಗಳ ಚರಿತ್ರೆಯಲ್ಲಿ ಇದು ಎಲ್ಲ ಕಾರುಗಳಲ್ಲೂ ಕೇಳಿಬರಲು ಬಹಳ ಕಾಲ ಹಿಡಿಯಿತು. ಕಾರ್ಲ್ ಬೆಂಜ್ ತನ್ನ ಮೋಟಾರು ಗಾಡಿಗೆ ಪೇಟೆಂಟ್ ಪಡೆದದ್ದು 1886ರಲ್ಲಿ. ಅದೇ ಜರ್ಮನಿಯ ಪಶ್ಚಿಮ ಭಾಗ ಕಾರುಗಳಿಗೆ ಸ್ಟೀರಿಂಗ್ ಬೀಗವನ್ನು ಕಡ್ಡಾಯ ಮಾಡಿದ್ದು 1961ರಲ್ಲಿ. ಮುಂದೆ ಬ್ರಿಟನ್ ಕೂಡ ಇದೇ ಬೀಗವನ್ನು ಜಾರಿಗೆ ತಂದಿತು. ಆದರೆ ಫಲ ಮಾತ್ರ ಒಂದೇ ಆಗಲಿಲ್ಲ. ಜರ್ಮನಿಯಲ್ಲಿ ಕಳ್ಳತನ ಇಳಿಯಿತು. ಬ್ರಿಟನ್ನಿನಲ್ಲಿ ಅದು ಹೊಸ ಕಾರಿನಿಂದ ಹಳೆಯ ಕಾರಿಗೆ ಸರಿಯಿತು. ಏಕೆ ಹೀಗಾಯಿತು ಎಂಬುದೇ ಈ ಬೀಗದ ಕಥೆಯ ತಿರುಳು.

ಎತ್ತು ಬಿಚ್ಚಿದ ಗಾಡಿ

ಮೋಟಾರು ಬರುವುದಕ್ಕೆ ಮೊದಲು ಮಲೆನಾಡಿನ ಹಾದಿಗಳಲ್ಲಿ ಅಡಿಕೆ, ಅಕ್ಕಿ ಹೊತ್ತು ಸಾಗುತ್ತಿದ್ದದ್ದು ಎತ್ತಿನಗಾಡಿ. ಅದಕ್ಕೆ ಬೀಗವೆಂಬುದೇ ಬೇಕಿರಲಿಲ್ಲ. ಮನೆ ತಲುಪಿದ ಮೇಲೆ ನೊಗದಿಂದ ಎತ್ತು ಬಿಚ್ಚಿ ಕೊಟ್ಟಿಗೆಯಲ್ಲಿ ಕಟ್ಟಿದರೆ ಮುಗಿಯಿತು, ಗಾಡಿ ಅಂಗಳದಲ್ಲೇ ಬಿದ್ದಿರುತ್ತಿತ್ತು. ಅದನ್ನು ಕದಿಯಬೇಕೆಂದರೆ ಕಳ್ಳ ತನ್ನದೇ ಎತ್ತು ಹೊಡೆದುಕೊಂಡು ಬರಬೇಕು.

ಮೋಟಾರು ಕಾರು ಈ ಎತ್ತನ್ನು ತನ್ನ ಹೊಟ್ಟೆಯೊಳಗೇ ಇಟ್ಟುಕೊಂಡಿತು. ಎಲ್ಲಿ ಗಾಡಿಯೋ ಅಲ್ಲೇ ಶಕ್ತಿ. ಮೊದಮೊದಲು ಮುಂಭಾಗದಲ್ಲಿ ಹ್ಯಾಂಡಲ್ ಹಾಕಿ ಬಲವಾಗಿ ಸುತ್ತಿ ಎಂಜಿನ್ ಚಾಲೂ ಮಾಡಬೇಕಾಗಿತ್ತು. ಅದಕ್ಕೆ ತೋಳ್ಬಲವೂ ಬೇಕು, ಅಭ್ಯಾಸವೂ ಬೇಕು. 1912ರ ಕ್ಯಾಡಿಲಾಕ್ ಕಾರಿನಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಬಂದ ಮೇಲೆ ಆ ಕಷ್ಟ ತಪ್ಪಿತು. ಮಾಲೀಕನಿಗೆ ಸುಲಭವಾದದ್ದು ಕಳ್ಳನಿಗೂ ಸುಲಭವಾಯಿತು. ಕದ್ದ ಕಾರನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸುವುದನ್ನು ತಡೆಯಲು ಅಮೆರಿಕ 1919ರಲ್ಲೇ ಪ್ರತ್ಯೇಕ ಕೇಂದ್ರ ಕಾನೂನು ಮಾಡಬೇಕಾಗಿ ಬಂತು.

ಎತ್ತು ಬಿಚ್ಚುವ ಹಳೆಯ ಉಪಾಯ ಮಾತ್ರ ಪೂರ್ತಿ ಮರೆಯಾಗಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಲ್ಲಿ, ಶತ್ರು ಸೈನಿಕರು ಆಕಾಶದಿಂದ ಇಳಿದಾರೆಂಬ ಭಯ ಬ್ರಿಟನ್ನನ್ನು ಕಾಡುತ್ತಿತ್ತು. ನಿಲ್ಲಿಸಿದ ಕಾರನ್ನು ಓಡದಂತೆ ಮಾಡಿಯೇ ಹೋಗಬೇಕೆಂದು ಸರ್ಕಾರ ನಿಯಮ ಮಾಡಿತು. ಜನ ಡಿಸ್ಟ್ರಿಬ್ಯೂಟರಿನೊಳಗಿನ ರೋಟರ್ ಎಂಬ ಚಿಕ್ಕ ಬಿಡಿಭಾಗವನ್ನು ಕಳಚಿ ಜೇಬಿಗೆ ಹಾಕಿಕೊಂಡು ಹೋಗತೊಡಗಿದರು. ರೋಟರ್ ಇಲ್ಲದೆ ಪ್ಲಗ್ಗುಗಳಿಗೆ ಕಿಡಿ ತಲುಪದು, ಎಂಜಿನ್ ಏಳದು. ಹಳೆಯ ಪೆಟ್ರೋಲ್ ಅಂಬಾಸಿಡರ್, ಫಿಯೆಟ್ ಕಾರುಗಳಲ್ಲೂ ಇದೇ ಉಪಾಯಕ್ಕೆ ಅವಕಾಶವಿತ್ತು. ಆದರೆ ಪ್ರತಿ ಬಾರಿಯೂ ಬಾನೆಟ್ ಎತ್ತಿ ಕೈ ಮಸಿ ಮಾಡಿಕೊಳ್ಳುವ ತಾಳ್ಮೆ ಎಷ್ಟು ಜನರಿಗಿದ್ದೀತು?

ಒಂದೇ ಕೀಲಿ, ನೂರೆಂಟು ಗಾಡಿ

ಕೀಲಿ ಇದ್ದರೆ ಸಾಲದೇ ಎಂದು ಕೇಳಬಹುದು. ಆರಂಭದ ಕೀಲಿಗಳ ಹಣೆಬರಹ ಬೇರೆಯೇ ಇತ್ತು. ಜಗತ್ತಿನಲ್ಲಿ ಒಂದೂವರೆ ಕೋಟಿಯಷ್ಟು ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿಗೆ 1919ರಿಂದ ಬಂದ ಇಗ್ನಿಷನ್ ಕೀಲಿಗಳಲ್ಲಿ ಇದ್ದ ಮಾದರಿಗಳು ಕೇವಲ 24. ಪುಟ್ಟದೊಂದು ಕೀಗೊಂಚಲು ಕೈಯಲ್ಲಿದ್ದರೆ ಊರಿನ ಯಾವ ಕಾರಾದರೂ ಚಾಲೂ ಆಗುತ್ತಿತ್ತು.

ಇದಕ್ಕೆ ಹೋಲುವ ಉದಾಹರಣೆ ನಮ್ಮ ಮೈಸೂರಿನಲ್ಲೇ ಇದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ ಮೋಟಾರ್ ಸೈಕಲ್ ತಯಾರಾಗತೊಡಗಿತು. 1973ರಿಂದ ಅದೇ ಬೈಕು ಯೆಜ್ಡಿ ಹೆಸರಿನಲ್ಲಿ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಹಳೆಯ ಜಾವಾದ ಇಗ್ನಿಷನ್ ಕೀಲಿಯೆಂದರೆ ಮೊಳೆಯಂತೆ ಒಳಗೆ ಚುಚ್ಚುವ ಒಂದು ಕಡ್ಡಿ. ಒಂದು ಜಾವಾದ ಕೀಲಿ ಇನ್ನೊಂದಕ್ಕೂ ಒಗ್ಗುತ್ತಿತ್ತು. ಹೀಗಿರುವಾಗ ಬೈಕನ್ನು ನಿಜವಾಗಿ ಕಾಯುತ್ತಿದ್ದದ್ದು ಹ್ಯಾಂಡಲಿನ ಕತ್ತಿನಲ್ಲಿದ್ದ ಬೇರೆಯದೇ ಬೀಗ. ಹ್ಯಾಂಡಲನ್ನು ಒಂದು ಪಕ್ಕಕ್ಕೆ ತಿರುಗಿಸಿ ಬೀಗ ಹಾಕಿದರೆ ಬೈಕು ಸುತ್ತು ಹೊಡೆದೀತೇ ಹೊರತು ನೇರ ಹೋಗದು. ಎಂಜಿನನ್ನು ತಡೆಯಲಾಗದಿದ್ದರೆ ದಿಕ್ಕನ್ನಾದರೂ ತಡೆಯಬೇಕು ಎಂಬ ತತ್ತ್ವವಿದು. ಸ್ಟೀರಿಂಗ್ ಲಾಕ್ ಹುಟ್ಟಿದ್ದೂ ಇದೇ ತತ್ತ್ವದಿಂದ.

ಕಾರಿನ ವಿಷಯದಲ್ಲಿ ಈ ವಿಚಾರ ಇನ್ನೂ ಸ್ಪಷ್ಟ. ಇಗ್ನಿಷನ್ ಕೀಲಿಯೆಂದರೆ ಮೂಲತಃ ಮನೆಯ ದೀಪದ ಸ್ವಿಚ್ಚಿನಂಥದೇ ಒಂದು ಸ್ವಿಚ್ಚು. ಅದರ ಹಿಂದಿನ ತಂತಿಗಳನ್ನು ಎಳೆದು ಒಂದಕ್ಕೊಂದು ತಾಗಿಸಿದರೆ ಕೀಲಿಯಿಲ್ಲದೆಯೂ ಎಂಜಿನ್ ಏಳುತ್ತದೆ. ಆದರೆ ಎಂಜಿನ್ ಎದ್ದರೂ ಚಕ್ರ ತಿರುಗದಿದ್ದರೆ ಕಳ್ಳ ಮೊದಲ ತಿರುವಿನಲ್ಲೇ ಸಿಕ್ಕಿಬೀಳುತ್ತಾನೆ.

ಬೀಗದ ನಾಲಿಗೆ

ಈ ಬೀಗದ ರಚನೆ ಬಹು ಸರಳ. ಸ್ಟೀರಿಂಗ್ ಚಕ್ರದಿಂದ ಕೆಳಗಿಳಿಯುವ ಕಬ್ಬಿಣದ ದಂಡದಲ್ಲಿ ಒಂದು ಕಚ್ಚು ಇರುತ್ತದೆ. ಪಕ್ಕದಲ್ಲಿ ಸ್ಪ್ರಿಂಗಿನ ಒತ್ತಡದಲ್ಲಿರುವ ಉಕ್ಕಿನ ನಾಲಿಗೆ. ಕೀ ಒಳಗಿದ್ದು ತಿರುಗಿದ ಸ್ಥಿತಿಯಲ್ಲಿರುವಾಗ ನಾಲಿಗೆ ಹಿಂದೆ ಸರಿದಿರುತ್ತದೆ. ಕೀ ಹೊರಬಂದ ಮೇಲೆ ಅದು ಮುಂದೆ ನುಗ್ಗಲು ಕಾದಿರುತ್ತದೆ. ಚಕ್ರ ತಿರುಗಿ ಕಚ್ಚು ಎದುರಿಗೆ ಬಂದ ಕ್ಷಣ ಒಳಗೆ ಕೂತುಬಿಡುತ್ತದೆ. ‘ಕಟಕ್’ ಎಂಬ ಸದ್ದು ಇದರದೇ. ಕೆಲವೊಮ್ಮೆ ಕೀ ತಿರುಗದೆ ಸತಾಯಿಸುವುದಕ್ಕೂ ಈ ನಾಲಿಗೆಯೇ ಕಾರಣ. ಚಕ್ರದ ಭಾರ ನಾಲಿಗೆಯ ಮೇಲೆ ಬಿದ್ದು ಅದು ಸಿಕ್ಕಿಕೊಂಡಿರುತ್ತದೆ. ಚಕ್ರವನ್ನು ತುಸು ಅಲ್ಲಾಡಿಸುತ್ತಾ ಕೀ ತಿರುಗಿಸಿದರೆ ಬಿಟ್ಟುಕೊಳ್ಳುತ್ತದೆ. ಬಲ ಪ್ರಯೋಗಿಸಿದರೆ ಕೀ ಮುರಿದೀತು.

ಇಗ್ನಿಷನ್ನಿಗೂ ಸ್ಟೀರಿಂಗಿಗೂ ಒಂದೇ ಬೀಗ ಹಾಕುವ ಪ್ರಯತ್ನ 1930ರ ದಶಕದ ಆರಂಭದ ಫೋರ್ಡ್ ಕಾರುಗಳಲ್ಲೇ ಇತ್ತು. ಫ್ರಾನ್ಸಿನಲ್ಲಿ ಅಬ್ರಾಮ್ ನೇಮಾನ್ ಎಂಬಾತ ಇಂಥ ಬೀಗವನ್ನು ರೂಪಿಸಿ ಎಷ್ಟು ಪ್ರಸಿದ್ಧನಾದನೆಂದರೆ, ಅಲ್ಲಿ ಕಾರಿನ ಈ ಬೀಗಕ್ಕೆ ‘ನೇಮಾನ್’ ಎಂಬ ಹೆಸರೇ ನಿಂತಿತು. ಸ್ವೀಡನ್ನಿನ ಸಾಬ್ ಕಂಪನಿ ಇನ್ನೊಂದು ಹಾದಿ ಹಿಡಿಯಿತು. ಅದರ ‘99’ ಮಾದರಿಯ ಕಾರಿನಲ್ಲಿ ಕೀಲಿಯ ಜಾಗ ಎರಡು ಸೀಟುಗಳ ನಡುವೆ. ಕೀ ತೆಗೆದರೆ ರಿವರ್ಸ್‌ಗೆ ಹಾಕಿದ ಗೇರು ಅಲ್ಲೇ ಬಿಗಿಯುತ್ತದೆ.

ಸ್ಟೀರಿಂಗ್ ಬೀಗದಲ್ಲಿ ಅಪಾಯವೂ ಇಲ್ಲದಿಲ್ಲ. ಆಗುಂಬೆ, ಹುಲಿಕಲ್ ಘಾಟಿಗಳಂಥ ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲೆಂದು ಎಂಜಿನ್ ಆರಿಸಿ ಕಾರನ್ನು ಹಾಗೇ ಇಳಿಬಿಡುವ ಚಾಳಿ ಕೆಲವರಿಗುಂಟು. ಬ್ರೇಕಿನ ಬಲ ಕುಗ್ಗುವುದು ಒಂದು ಗಂಡಾಂತರ. ಹಾಗೆ ಇಳಿಯುವಾಗ ಕೀ ಹೊರಬಂದರೆ ಮುಂದಿನ ತಿರುವಿನಲ್ಲಿ ಸ್ಟೀರಿಂಗ್ ಬಿಗಿದುಕೊಳ್ಳುವುದು ಅದಕ್ಕಿಂತ ದೊಡ್ಡ ಗಂಡಾಂತರ. ಹಲವು ಕಾರುಗಳಲ್ಲಿ ಕೀಯನ್ನು ಒಳಕ್ಕೆ ಒತ್ತಿ ತಿರುಗಿಸಿದರೆ ಮಾತ್ರ ಅದು ಹೊರಬರುವಂತೆ ಮಾಡಿರುವುದು ಇದನ್ನು ತಪ್ಪಿಸಲೆಂದೇ.

ಜರ್ಮನಿಯ ಪಾಠ, ಬ್ರಿಟನ್ನಿನ ಪಾಠ

ಪಶ್ಚಿಮ ಜರ್ಮನಿ 1961ರಲ್ಲಿ ನಿಯಮ ತಂದಾಗ ಒಂದು ಕಟ್ಟುನಿಟ್ಟಿನ ತೀರ್ಮಾನ ಕೈಗೊಂಡಿತ್ತು. ಹೊಸ ಕಾರುಗಳಿಗೆ ಮಾತ್ರವಲ್ಲ, ರಸ್ತೆಯಲ್ಲಿ ಓಡುತ್ತಿದ್ದ ಹಳೆಯ ಕಾರುಗಳಿಗೂ ಬೀಗ ಅಳವಡಿಸಲೇಬೇಕು. ಮಾಲೀಕರಿಗೆ ಖರ್ಚು ಬಿತ್ತು. ಆದರೆ ಒಂದೆರಡು ವರ್ಷಗಳಲ್ಲಿ ದೇಶದ ಕಾರುಗಳಿಗೆಲ್ಲ ಬೀಗ ಬಿತ್ತು, ಕಾರು ಕಳ್ಳತನ ಗಣನೀಯವಾಗಿ ಇಳಿಯಿತು.

ಬ್ರಿಟನ್ 1971ರಲ್ಲಿ ಇದೇ ಬೀಗವನ್ನು ಹೊಸ ಕಾರುಗಳಿಗಷ್ಟೇ ಕಡ್ಡಾಯ ಮಾಡಿತು. ಫಲವೇನಾಯಿತು ಎಂಬುದನ್ನು ಅಲ್ಲಿನ ಗೃಹ ಇಲಾಖೆಯ ಸಂಶೋಧಕರು 1976ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿಕೊಟ್ಟಿತು. ಲಂಡನ್ ಪ್ರದೇಶದಲ್ಲಿ 1969ರಲ್ಲಿ ಕಳವಾದ ಕಾರುಗಳ ಪೈಕಿ ಹೊಸ ಕಾರುಗಳ ಪಾಲು ಶೇ 20.9. 1973ರಲ್ಲಿ ಅದು ಶೇ 5.1ಕ್ಕೆ ಇಳಿದಿತ್ತು. ಬೀಗ ಕೆಲಸ ಮಾಡಿತ್ತು. ಆದರೆ ಒಟ್ಟು ಕಳ್ಳತನ ಇಳಿಯಲಿಲ್ಲ. ಹೊಸ ಕಾರಿನ ಬಾಗಿಲಿನಿಂದ ಹಿಂದಿರುಗಿದ ಕಳ್ಳ ಪಕ್ಕದ ಹಳೆಯ ಕಾರಿಗೆ ಕೈ ಹಾಕಿದ್ದ.

ಇದರ ಅರ್ಥ ಗಂಭೀರವಾದದ್ದು. ಹೊಸ ಕಾರು ಕೊಳ್ಳಬಲ್ಲವನಿಗೆ ರಕ್ಷಣೆ ಸಿಕ್ಕಿತು. ಎರಡನೆಯ ಕೈಯ, ಮೂರನೆಯ ಕೈಯ ಕಾರಿನಲ್ಲಿ ಕೆಲಸಕ್ಕೆ ಹೋಗುವವನ ಪಾಲಿಗೆ ಕಳ್ಳ ಬಂದ. ಹಳೆಯ ಕಾರುಗಳು ಗುಜರಿ ಸೇರಿ, ಬೀಗವಿರುವ ಕಾರುಗಳೇ ಬಹುಪಾಲಾದ ಮೇಲಷ್ಟೇ ಬ್ರಿಟನ್ನಿಗೂ ಪೂರ್ಣ ಪ್ರಯೋಜನ ದೊರೆಯಿತು. 1970ರಿಂದ ಹೊಸ ಕಾರುಗಳಿಗೆ ಮಾತ್ರ ಕಳವು ತಡೆಯುವ ಬೀಗದ ನಿಯಮ ತಂದ ಅಮೆರಿಕವೂ ಹೀಗೆಯೇ ಕಾಯಬೇಕಾಯಿತು.

ಬೀಗವಿಲ್ಲದೆಯೂ ಕಳ್ಳತನ ಇಳಿಯಬಹುದೆಂಬುದಕ್ಕೆ ಜರ್ಮನಿಯಲ್ಲೇ ಇನ್ನೊಂದು ನಿದರ್ಶನವಿದೆ. ಹೆಲ್ಮೆಟ್ ಇಲ್ಲದ ಬೈಕ್ ಸವಾರರಿಗೆ 1980ರಲ್ಲಿ ಸ್ಥಳದಲ್ಲೇ ದಂಡ ವಿಧಿಸತೊಡಗಿದರು. ಆ ವರ್ಷ ಸುಮಾರು ಒಂದೂವರೆ ಲಕ್ಷವಿದ್ದ ಮೋಟಾರ್ ಸೈಕಲ್ ಕಳವು 1986ರ ಹೊತ್ತಿಗೆ 54 ಸಾವಿರದ ಆಸುಪಾಸಿಗೆ ಇಳಿಯಿತು. ಬೈಕು ಕಂಡೊಡನೆ ಮನಸ್ಸಾಗಿ ಕದಿಯುವವನ ಕೈಯಲ್ಲಿ ಹೆಲ್ಮೆಟ್ ಇರುವುದಿಲ್ಲ; ಇಲ್ಲದೆ ಹೊರಟರೆ ಪೊಲೀಸರ ಕಣ್ಣಿಗೆ ಬೀಳುತ್ತಾನೆ. ಕಳ್ಳತನಗಳಲ್ಲಿ ಬಹಳಷ್ಟು ಹಟದಿಂದ ನಡೆಯುವುದಿಲ್ಲ, ಅವಕಾಶ ಸಿಕ್ಕಿದ್ದರಿಂದ ನಡೆಯುತ್ತವೆ ಎಂಬುದನ್ನು ಈ ಎರಡೂ ಉದಾಹರಣೆಗಳು ಹೇಳುತ್ತವೆ.

ಹಳೆಯ ಬೀಗ ಮರಳಿ ಬಂತು

ಹಟ ಹಿಡಿದ ಕಳ್ಳನಿಗೆ ಸ್ಟೀರಿಂಗ್ ಲಾಕ್ ದೊಡ್ಡ ಅಡ್ಡಿಯಲ್ಲ ಎಂಬುದೂ ಬೇಗನೆ ತಿಳಿಯಿತು. ಚಕ್ರಕ್ಕೆ ಹೊರಗಿನಿಂದ ಉಕ್ಕಿನ ದಂಡ ತೊಡಿಸುವ ಪದ್ಧತಿ ಬಂದದ್ದು ಆಗ. ಅಮೆರಿಕದಲ್ಲಿ ಜೇಮ್ಸ್ ವಿನ್ನರ್ ಎಂಬ ಉದ್ಯಮಿಯ ಕಂಪನಿ 1986ರಲ್ಲಿ ‘ದಿ ಕ್ಲಬ್’ ಎಂಬ ದಂಡವನ್ನು ಮಾರುಕಟ್ಟೆಗೆ ತಂದಿತು. ದಂಡದ ಒಂದು ತುದಿ ಚಕ್ರದಿಂದ ಹೊರಚಾಚಿರುವುದರಿಂದ ಚಕ್ರ ಪೂರ್ತಿ ಸುತ್ತದು. ಅದಕ್ಕಿಂತ ಮುಖ್ಯವಾಗಿ, ಅದು ಕಿಟಕಿಯ ಗಾಜಿನಿಂದಲೇ ಕಾಣಿಸುತ್ತದೆ. ಅಂಗಳದಲ್ಲಿ ಕಟ್ಟಿದ ನಾಯಿಯಂತೆ, ಕಚ್ಚುವುದಕ್ಕೆ ಮೊದಲು ಕಾಣಿಸಿಕೊಂಡೇ ಅರ್ಧ ಕೆಲಸ ಮುಗಿಸುತ್ತದೆ.

ಆಮೇಲೆ ಬಂದದ್ದು ಇಮ್ಮೊಬಿಲೈಸರ್. ಕೀಯೊಳಗಿನ ಪುಟ್ಟ ಚಿಪ್ಪಿನ ಸಂಕೇತ ಹೊಂದಿದರೆ ಮಾತ್ರ ಎಂಜಿನ್ ಏಳುವ ವ್ಯವಸ್ಥೆಯಿದು. ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಇದು ಕಡ್ಡಾಯ. ಒಂದು ಅರ್ಥದಲ್ಲಿ ಎತ್ತು ಮತ್ತೆ ಕೊಟ್ಟಿಗೆ ಸೇರಿತು. ಇನ್ನು ಉಕ್ಕಿನ ದಂಡಕ್ಕೆ ಕೆಲಸವಿಲ್ಲ ಎಂದು ಎಲ್ಲರೂ ಭಾವಿಸಿದ್ದರು. ಆದರೆ ಅಮೆರಿಕದಲ್ಲಿ ಮಾರಾಟವಾದ ಹುಂಡೈ ಮತ್ತು ಕಿಯಾ ಕಾರುಗಳಲ್ಲಿ ಅನೇಕಕ್ಕೆ ಇಮ್ಮೊಬಿಲೈಸರ್ ಇರಲಿಲ್ಲ. ಅವುಗಳನ್ನು ಕದಿಯುವ ವಿಧಾನ ವಿಡಿಯೊಗಳ ಮೂಲಕ ಹುಡುಗರಲ್ಲಿ ಹಬ್ಬಿತು. ಆ ಕಂಪನಿಗಳು 2022ರ ನವೆಂಬರಿನಿಂದ ಮೂರು ತಿಂಗಳಲ್ಲಿ ಸುಮಾರು 26,000 ಸ್ಟೀರಿಂಗ್ ದಂಡಗಳನ್ನು ಪೊಲೀಸ್ ಠಾಣೆಗಳ ಮೂಲಕ ಉಚಿತವಾಗಿ ಹಂಚಿದವು. ಇಲ್ಲೂ ಬ್ರಿಟನ್ನಿನ ಹಳೆಯ ಪಾಠವೇ ಮರುಕಳಿಸಿದ್ದು: ಉಳಿದ ಕಾರುಗಳಿಗೆ ಬೀಗವಿದ್ದಾಗ ಕಳ್ಳರೆಲ್ಲ ಬೀಗವಿಲ್ಲದ ಕಾರಿಗೆ ಮುಗಿಬಿದ್ದರು.

ನಮ್ಮಲ್ಲಿ

ಭಾರತದಲ್ಲಿ 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದ ನಂತರದ ವರ್ಷಗಳಲ್ಲಿ ಕೀಯೂ ಸ್ಟೀರಿಂಗ್ ಬೀಗವೂ ಒಂದೇ ಕಡೆ ಇರುವ ಕಾರುಗಳು ಊರೂರಿಗೆ ಬಂದವು. ಅದಕ್ಕೆ ಜೊತೆಯಾಗಿ ಗೇರ್ ಲಾಕ್ ಹಾಕಿಸುವ ರೂಢಿಯೂ ಬೆಳೆಯಿತು. 2002ರ ಮೋಟಾರು ವಿಮಾ ದರಪಟ್ಟಿ ಪುಣೆಯ ಎ.ಆರ್.ಎ.ಐ. ಸಂಸ್ಥೆ ಒಪ್ಪಿದ ಕಳವು ನಿರೋಧಕ ಸಾಧನ ಅಳವಡಿಸಿದವರಿಗೆ ಸ್ವಂತ ಹಾನಿಯ ವಿಮಾ ಕಂತಿನಲ್ಲಿ ಶೇ 2.5ರ, ಗರಿಷ್ಠ 500 ರೂಪಾಯಿಯ ರಿಯಾಯಿತಿ ಕೊಟ್ಟಿತು. ಸ್ವಂತ ಹಾನಿಯ ವಿಮೆ ಮಾಡಿಸದೆ ಹಳೆಯ ಗಾಡಿ ಓಡಿಸುವವನಿಗೆ ಇಂಥ ರಿಯಾಯಿತಿಯಿಂದ ಏನೂ ಸಿಗದು. ಆದರೆ ಬೀಗದ ಅಗತ್ಯ ಹೆಚ್ಚಾಗಿರುವುದು ಅವನಿಗೇ. ಅವನ ಗಾಡಿ ಕಳೆದರೆ ಪರಿಹಾರವೂ ಇಲ್ಲ.

ವರದಮೂಲದಲ್ಲಿ ಹುಟ್ಟಿದ ವರದೆ ಬನವಾಸಿಯನ್ನು ಬಳಸಿ, ಹಾವೇರಿ ಸೀಮೆಯನ್ನು ಹಾದು, ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುತ್ತಾಳೆ. ಹರಿಯುವ ನೀರಿಗೆ ಒಂದು ಕಡೆ ಮಾತ್ರ ಒಡ್ಡು ಹಾಕಿದರೆ ಅದು ಪಕ್ಕದ ತಗ್ಗಿಗೆ ನುಗ್ಗುತ್ತದೆಂಬುದು ತೋಟ ಮಾಡಿದವರಿಗೆಲ್ಲ ಗೊತ್ತು. ಕಳ್ಳತನದ ಹರಿವೂ ಹೆಚ್ಚುಕಡಿಮೆ ಹಾಗೆಯೇ. ದೇವಸ್ಥಾನದ ಬಳಿ ನಿಂತ ಹೊಸ ಕಾರು ಕೀಲಿ ಕೈಗೆ ಬಂದೊಡನೆ ತಾನೇ ಬಿಗಿದುಕೊಳ್ಳುತ್ತದೆ. ಅದರ ಪಕ್ಕದಲ್ಲಿ ಹ್ಯಾಂಡಲ್ ಲಾಕ್ ಸವೆದುಹೋದ ಹಳೆಯ ಬೈಕೊಂದು ನಿಂತಿದ್ದರೆ, ಅದರ ಚಕ್ರಕ್ಕೆ ಒಂದು ಸರಪಳಿ, ಒಂದು ಬೀಗ ಬೇಕು. ತಗ್ಗು ಇರುವುದು ಅಲ್ಲಿಯೇ.